ಮುಖ ಕಂಡರೆ ಒಳಗೆ, ಬೆನ್ನು ಕಂಡರೆ ಹೊರಗೆ

"ಅಣ್ಣಾ, ಅತ್ತಿಗೆ ನಿನ್ನೆ ಕೇಸು ಗೆದ್ರಲ್ಲ, ಗೆದ್ದು ಆಚೆ ಬರ್ತಿದ್ದ ಹಾಗೇ ಅವರ ಮೇಲೆ ಇನ್ನೊಂದು ಹೊಸ ಕೇಸು ಬಿದ್ದಿದೆಯಂತೆ!"

ಅಣ್ಣ ಬಚ್ಚಲಿನ ಬಾಗಿಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದ. ಬಾಯಿ ತುಂಬ ನೊರೆ ಇಟ್ಟುಕೊಂಡೇ ಏನೋ ಕೇಳಿದ. ಏನು ಎಂದೇ ಇರಬೇಕು.

"ಹೂಂ ಕಣೋ! ಮೈಕಿನ ಆಟೋದವನು ಈಗ ತಾನೇ ಹಾಲಿನ ಬೂತ್ ಹತ್ರ ಕೂಗ್ಕೊಂಡು ಹೋದ. ಸೋಮವಾರ ಮಧ್ಯಾಹ್ನದ ದೋಣಿಗೆ ಹೋಗೋರಲ್ಲಿ ಹಿಟ್ಟಿನ ಗಿರಣಿ ಪಾರಿಜಾತ ಅಂತ ಎರಡು ಸಲ ಕೂಗಿದ. ನಾನು ಹಾಲಿನ ಪ್ಯಾಕೆಟ್ ಅಲ್ಲೇ ಬಿಟ್ಟು ಓಡಿಬಂದೆ."

ಅಣ್ಣ ನೊರೆಯನ್ನು ನುಂಗಿಬಿಟ್ಟ.

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತಿಗೆ ಬಂದರು. ಬಂದರು ಎಂದರೆ, ಮೊದಲು ಜಡೆ ಬಂತು, ಆಮೇಲೆ ಬೆನ್ನು ಬಂತು, ಕೊನೆಗೆ ಲಟ್ಟಣಿಗೆ ಹಿಡಿದ ಅತ್ತಿಗೆ ಬಂದರು. "ಯಾರ ಹೆಸರು ಕೂಗಿದ್ದು?" ಎಂದು ಗೋಡೆಯನ್ನು ನೋಡುತ್ತಲೇ ಕೇಳಿ, ನಮ್ಮನ್ನು ದಾಟಿ, ಆಮೇಲೆ ನಮ್ಮ ಮುಖ ನೋಡಿದರು. ನಮ್ಮ ಮುಖ ನೋಡಿದ ಮೇಲೆ ಲಟ್ಟಣಿಗೆಯನ್ನು ಮೂಲೆಗೆ ಇಟ್ಟುಬಿಟ್ಟರು.

ನಮ್ಮ ಊರಿನಲ್ಲಿ ಹೊರಗಿನಿಂದ ಬಂದವರು, ಕೋರ್ಟು "ಇರಬಹುದು" ಎಂದು ಹೇಳುವ ತನಕ, ಹಿಂದೆ ಹಿಂದೆಯೇ ನಡೆಯಬೇಕು. ಅವರಿಗೆ ಬಾಕಿಯವರು ಎಂದು ಹೆಸರು. ಅರ್ಧ ಊರೇ ಬಾಕಿಯವರದ್ದು, ಹಾಗಾಗಿ ಊರು ಅದಕ್ಕೆ ತಕ್ಕ ಹಾಗೆ ಹೊಂದಿಕೊಂಡಿದೆ. ಬಳೆ ಅಂಗಡಿಗಳಲ್ಲಿ ಭುಜಕ್ಕೆ ಸಿಕ್ಕಿಸಿಕೊಳ್ಳುವ ಪುಟ್ಟ ಕನ್ನಡಿ ಸಿಗುತ್ತದೆ. ಸಿಟಿ ಬಸ್ಸಿನ ಕೊನೆಯ ಸೀಟು ಹಿಂದಿನ ಗಾಜಿನ ಕಡೆಗೆ ತಿರುಗಿರುತ್ತದೆ. ನಾಯಿಗಳು ಬಾಕಿಯವರನ್ನು ಕಂಡರೆ ಬೊಗಳುವುದಿಲ್ಲ. ಬರುತ್ತಿದ್ದಾರೋ ಹೋಗುತ್ತಿದ್ದಾರೋ ಎಂದು ಅವಕ್ಕೆ ಕೊನೆಗೂ ತೀರ್ಮಾನವಾಗುವುದಿಲ್ಲ. ಅತ್ತಿಗೆಯ ಮದುವೆಯಲ್ಲಿ ಸಪ್ತಪದಿಗೆ ಅಣ್ಣ ಮುಂದಕ್ಕೆ ಹೆಜ್ಜೆ ಇಟ್ಟ, ಅತ್ತಿಗೆ ಹಿಂದಕ್ಕೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಅಗ್ನಿ ಸುತ್ತಿದರು. ಇಷ್ಟು ನಾಚಿಕೆ ಬಿಟ್ಟ ಮದುಮಕ್ಕಳನ್ನು ನೋಡಿಯೇ ಇಲ್ಲ ಎಂದು ನಮ್ಮ ಸೋದರತ್ತೆ ಊಟ ಮಾಡದೆ ಎದ್ದುಹೋಗಿದ್ದರು. ಅತ್ತಿಗೆ ಬೆಳಿಗ್ಗೆ ಗಿರಣಿಗೆ ಹೊರಟರೆ ಬೀದಿಯ ತಿರುವು ಬರುವವರೆಗೂ ನಮ್ಮನ್ನೇ ನೋಡುತ್ತಾ, ತಲೆಯ ಮೇಲೆ ಗೋಧಿ ಡಬ್ಬ ಹೊತ್ತುಕೊಂಡು, "ಇಂಚೂ, ಗ್ಯಾಸ್ ಆಫ್ ಮಾಡು! ಇಂಚೂ, ಛತ್ರಿ ತಗೊಂಡು ಹೋಗು!" ಎಂದು ಕೂಗುತ್ತಾ ಹೋಗುವರು. ಇಂಚರ ಎಂಬ ನನ್ನ ಹೆಸರು ಇಂಚು ಆದದ್ದು ಹಾಗೆ, ಬೀದಿಯುದ್ದಕ್ಕೂ.

ಇಷ್ಟು ವರ್ಷ ಯಾವ ಕೇಸೂ ಮುಗಿಯುತ್ತಿರಲಿಲ್ಲ, ಯಾರನ್ನೂ ಕಳಿಸುತ್ತಲೂ ಇರಲಿಲ್ಲ. ಈಗ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಅವಸರ ಹತ್ತಿಕೊಂಡಿತು. ವಜ್ರಕುಮಾರ್ ಎಂಬ ಬಾಕಿ ನಿವಾರಣಾಧಿಕಾರಿ ಬಂದರು. ಕೋರ್ಟಿನ ನೆತ್ತಿಯ ಮೇಲೆ ಬಾಕಿ ಕೇಸುಗಳ ಸಂಖ್ಯೆ ತೋರಿಸುವ ಕೆಂಪು ದೀಪದ ಬೋರ್ಡು ಹಾಕಿಸಿ, ಅದನ್ನು ಸೊನ್ನೆಗೆ ಇಳಿಸಿಯೇ ಊರು ಬಿಡುತ್ತೇನೆ ಎಂದರು. ಮೊದಲು ಕೋರ್ಟಿನ ಕುರ್ಚಿ ತೆಗೆಸಿದರು. ನಿಂತವರು ಕಡಿಮೆ ಮಾತಾಡುತ್ತಾರಂತೆ. ವಕೀಲರು ಎರಡನೆಯ ವಾಕ್ಯ ಆಡಬಾರದು ಎಂದರು. ಒಂದೇ ಇನಿಷಿಯಲ್ ಇರುವವರನ್ನೆಲ್ಲ ಒಂದೇ ಕುಟುಂಬ ಎಂದು ಒಟ್ಟಿಗೆ ವಿಚಾರಿಸಿದರು, ಅದರಿಂದ ನಮ್ಮ ಕಾಲೇಜಿನ ಕ್ಯಾಂಟೀನಿನ ಭಟ್ಟರಿಗೆ ಏಕಾಏಕಿ ಮೂವರು ಹೆಂಡತಿಯರಾದರು. ಒಂದು ದಿನ ಸಿಟಿ ಬಸ್ಸಿನಲ್ಲೇ ಕೋರ್ಟು ನಡೆಸಿದರು. ಯಾರ ಸ್ಟಾಪು ಬಂತೋ ಅವರ ವಾದ ಮುಗಿದ ಹಾಗೆ. ಇಷ್ಟೆಲ್ಲ ಮಾಡಿದರೂ ಬೋರ್ಡಿನ ಸಂಖ್ಯೆ ಮಾತ್ರ ಏರುತ್ತಲೇ ಇತ್ತು. ಕೊನೆಗೆ ಅವರು ಹೊರಡಿಸಿದ ಆಜ್ಞೆ ಇದು: ಹಳೆಯ ಕೇಸುಗಳನ್ನು ಕೇಳೋಣ, ಆದರೆ ಇನ್ನು ಮುಂದೆ ಬೀಳುವ ಹೊಸ ಕೇಸುಗಳನ್ನು ಕೇಳುವಂತೆಯೇ ಇಲ್ಲ. ಹೊಸಬರೆಲ್ಲ ಸೋಮವಾರದ ದೋಣಿ ಹತ್ತಿ ಆಚೆ ದಡಕ್ಕೆ.

ಆಚೆ ದಡದಲ್ಲಿ ಅತ್ತಿಗೆಗೆ ಯಾರೂ ಇಲ್ಲ. ಇದ್ದವರೆಲ್ಲ ಇಲ್ಲೇ ಇದ್ದೇವೆ, ನಾನು ಮತ್ತು ಅಣ್ಣ.

"ಹೋದ ಸೋಮವಾರ ಇಸ್ತ್ರಿ ಅಂಗಡಿ ರಹಮತ್ ಅಣ್ಣ ದೋಣಿ ಹತ್ತಿದ್ರಲ್ಲ," ಎಂದರು ಅತ್ತಿಗೆ ನಿಧಾನವಾಗಿ. "ಕತ್ತಿಗೆ ಹಾರ ಇತ್ತು. ಕೇಸು ಗೆದ್ದಿದ್ದಕ್ಕೆ ಮೆರವಣಿಗೆ ಅಂದ್ಕೊಂಡೇ ಹತ್ತಿದ್ರು. ನಾವೂ ಹಾಗೇ ಅಂದ್ಕೊಂಡು ಚಪ್ಪಾಳೆ ತಟ್ಟಿದ್ವಿ."

ಅಣ್ಣನ ಬಿಳಿ ಶರ್ಟು ಇನ್ನೂ ರಹಮತ್ ಅಣ್ಣನ ಬೀಗ ಹಾಕಿದ ಅಂಗಡಿಯಲ್ಲೇ ನೇತಾಡುತ್ತಿದೆ. ಮೆರವಣಿಗೆ ಮುಗಿಸಿ ಬಂದು ಕೊಡುತ್ತಾರೆ ಎಂದು ನಾವು ಕಾಯುತ್ತಿದ್ದೆವು.

"ರೀ, ನೀವು ಡ್ಯೂಟಿಗೆ ಹೋಗಿ. ನಾನೂ ಇಂಚೂನೂ ಕೋರ್ಟಿಗೆ ಹೋಗ್ಬರ್ತೀವಿ. ನೀವು ಬಂದ್ರೆ ಅಲ್ಲಿ ಅಳ್ತೀರ."

"ನಾನ್ಯಾಕೆ ಅಳ್ಲಿ?" ಎಂದು ಅಣ್ಣ ಆಗಲೇ ಅಳುತ್ತಾ ಕೇಳಿದ. ಅಣ್ಣ ಆಸ್ಪತ್ರೆಯಲ್ಲಿ ಕಾಂಪೌಂಡರ್. ಇಂಜೆಕ್ಷನ್ ಕೊಡುವಾಗಲೂ ಅವನೇ ಅಳುವುದು.

ಶನಿವಾರವಾದರೂ ಕೋರ್ಟು ತೆರೆದಿತ್ತು. ದಾರಿಯಲ್ಲಿ ಅತ್ತಿಗೆ ಹಿಂದಿನ ದಿನದ್ದನ್ನು ಇನ್ನೊಮ್ಮೆ ಹೇಳಿದರು. ಜಡ್ಜಮ್ಮ ಅತ್ತಿಗೆಯ ಕಡೆಯ ಒಂದೇ ವಾಕ್ಯ ಕೇಳಿದರಂತೆ. ಜಡ್ಜಮ್ಮ ಎಂದರೆ ತ್ರಿಪುರಾಂಬ, ಊರಲ್ಲೆಲ್ಲ ಹಾಗೇ ಕರೆಯುವುದು. "ಇರಬಹುದು ಕಣಮ್ಮ, ಇನ್ನು ತಿರುಗಿ ನೆಟ್ಟಗೆ ನಡ್ಕೊಂಡು ಹೋಗು," ಎಂದರಂತೆ. ಅತ್ತಿಗೆ ತಿರುಗಿದರು. ಒಂದು ಹೆಜ್ಜೆ ಇಟ್ಟರು. ಬಾಗಿಲು ತಮ್ಮ ಮೇಲೇ ಬಂದ ಹಾಗಾಗಿ ತಲೆ ಸುತ್ತಿತು, ಕಾಲಿಗೆ ಕಾಲು ತೊಡರಿತು. ಬಿದ್ದು ನಗೆಪಾಟಲಾಗುವುದು ಬೇಡ ಎಂದು ಅಭ್ಯಾಸವಿದ್ದ ಹಾಗೆಯೇ ಹಿಂದೆ ಹಿಂದೆ ಹೊರಗೆ ಬಂದುಬಿಟ್ಟರು.

"ಬಾಗಿಲಲ್ಲಿ ಬೋರಯ್ಯ ನನ್ನ ಹೆಸರೂ ಕೇಳ್ದ ಕಣೇ. ಗೆದ್ದಿದ್ದಕ್ಕೆ ಕೇಳ್ತಿದಾನೆ ಅಂತ ಜೋರಾಗಿ ಹೇಳ್ದೆ. ಗಂಟೆನೂ ಬಾರಿಸ್ದ."

"ಯಾವ ಗಂಟೆ?"

"ಯಾವುದೋ ಗಂಟೆ. ಖುಷಿಲಿ ಯಾರು ನೋಡ್ತಾರೆ?"

ಬೋರಯ್ಯ ವಜ್ರಕುಮಾರ್ ಅವರ ಬಾಕಿ ನಿವಾರಣೆಯ ಅಭಿಯಾನಕ್ಕೆಂದೇ ನೇಮಕವಾದ ಎಣಿಕೆಯವನು. ಕೋರ್ಟಿನ ಬಾಗಿಲೊಳಗೆ, ಹೊರಗಡೆಗೆ ಮುಖ ಮಾಡಿ, ಎತ್ತರದ ಸ್ಟೂಲಿನ ಮೇಲೆ ಕೂತಿರುತ್ತಾನೆ. ಅವನ ಬಲಕ್ಕೆ ಕಪ್ಪು ಗಂಟೆ, ಎಡಕ್ಕೆ ಬಿಳಿ ಗಂಟೆ. ಕಪ್ಪು ಬಾರಿಸಿದರೆ ಒಬ್ಬರು ಒಳಗೆ ಬಂದ ಲೆಕ್ಕ, ಬೋರ್ಡಿನಲ್ಲಿ ಒಂದು ಹೆಚ್ಚುತ್ತದೆ. ಬಿಳಿ ಬಾರಿಸಿದರೆ ಒಬ್ಬರು ಮುಗಿಸಿಕೊಂಡು ಹೊರಗೆ ಹೋದ ಲೆಕ್ಕ, ಒಂದು ಇಳಿಯುತ್ತದೆ. ನಾನು ಮೆಟ್ಟಿಲ ಮೇಲೆ ಕೂತು ಒಂದು ಪೊಟ್ಟಣ ಚುರುಮುರಿ ಮುಗಿಯುವವರೆಗೆ ಅವನನ್ನೇ ನೋಡಿದೆ. ಬಾಕಿಯವನೊಬ್ಬ ಬೆನ್ನು ಮಾಡಿಕೊಂಡು ಒಳಗೆ ಹೋದ: ಬಿಳಿ ಗಂಟೆ. ಸ್ವಲ್ಪ ಹೊತ್ತಿಗೆ ಗೆದ್ದ ಮುದುಕಿಯೊಬ್ಬಳು ಕೈ ಮುಗಿಯುತ್ತಾ, ಅಭ್ಯಾಸದಂತೆ ಹಿಂದೆ ಹಿಂದೆ, ಹೊರಗೆ ಬಂದಳು: "ಹೆಸರೇನವ್ವಾ?" ಮತ್ತು ಕಪ್ಪು ಗಂಟೆ. ನನಗೆ ಚುರುಮುರಿಯ ಮೆಣಸಿನಕಾಯಿ ನೆತ್ತಿಗೇರಿತು.

"ಬೋರಯ್ಯಣ್ಣಾ! ಆ ಅಜ್ಜಿ ಹೊರಗೆ ಹೋದ್ರು! ಒಳಗೆ ಬಂದೋರ ಗಂಟೆ ಯಾಕೆ ಬಾರಿಸಿದ್ರಿ?"

"ಮುಖ ಕಾಣ್ತು," ಎಂದ ಬೋರಯ್ಯ. "ಮುಖ ಕಂಡ್ರೆ ಒಳಗೆ, ಬೆನ್ನು ಕಂಡ್ರೆ ಹೊರಗೆ. ಇಷ್ಟೇ ಕಣವ್ವ ನಂಗೆ ಹೇಳಿಕೊಟ್ಟಿರೋದು."

"ಆದ್ರೆ ಅವರ ಕಾಲು ಯಾವ ಕಡೆ ಹೋಗ್ತಿತ್ತು ಅಂತ ಕಾಣ್ಲಿಲ್ವಾ?"

"ಕಾಣ್ದೆ ಏನು, ಕಣ್ಣಿಲ್ವಾ ನಂಗೆ? ಆದ್ರೆ ಕಾಲು ನೋಡೋದು ನನ್ನ ಕೆಲ್ಸ ಅಲ್ಲ. ನಾಳೆ ಕಾಲು ನೋಡೋಕೆ ಅಂತ ಇನ್ನೊಬ್ಬನ್ನ ಹಾಕಿದ್ರೆ, ಅವನ ಕೆಲ್ಸ ನಾನ್ಯಾಕೆ ಕಿತ್ಕೊಳ್ಲಿ?"

ಅತ್ತಿಗೆ ಮೆಟ್ಟಿಲ ಮೇಲೆ ಕುಸಿದು ಕೂತರು. "ಅಂದ್ರೆ ನಾನು ಹೊರಗೆ ಹೋದೆ ಅಂತ ನನ್ನನ್ನ ಹೊಸದಾಗಿ ಒಳಗೆ ಹಾಕ್ಕೊಂಡ್ಯಾ?"

"ನಗ್ತಾ ಹೆಸರು ಹೇಳಿದ್ರಲ್ಲ ತಾಯಿ. ನಾನು ಒತ್ತಾಯ ಮಾಡ್ಲಿಲ್ಲ."

ಗಲಾಟೆ ಕೇಳಿ ವಜ್ರಕುಮಾರ್ ಓಡಿ ಬಂದರು. ಅವರು ಯಾವಾಗಲೂ ಓಡಿಯೇ ಬರುವುದು, ನಡೆದರೆ ತಡವಾಗುತ್ತದೆ ಎಂದು. "ಏನಮ್ಮಾ? ಒಂದೇ ವಾಕ್ಯ!" ಎಂದರು.

ಒಂದೇ ವಾಕ್ಯವೆಂದರೆ ನನಗೇನು ಕಷ್ಟ. "ಸಾರ್ ಬಾಕಿಯವರು ಒಳಗೆ ಬರೋವಾಗ ಬೆನ್ನು ಕಾಣುತ್ತೆ ಅಂತ ಹೊರಗೆ ಹೋದ ಲೆಕ್ಕ ಆಗಿ, ಗೆದ್ದು ಹೊರಗೆ ಹೋಗೋವಾಗ ಮುಖ ಕಾಣುತ್ತೆ ಅಂತ ಒಳಗೆ ಬಂದ ಲೆಕ್ಕ ಆಗಿ, ಹೆಸರು ಬೇರೆ ಕೇಳಿ ಅವರ ಮೇಲೆ ಹೊಸ ಕೇಸು ಬಿದ್ದು, ಹೊಸ ಕೇಸು ಅಂದ್ರೆ ದೋಣಿ ಅಂತ ನೀವೇ ಹೇಳಿ, ಹೋದ ಸೋಮವಾರ ದೋಣಿ ತುಂಬ ಗೆದ್ದವರನ್ನೇ ಕಳಿಸಿ, ಈ ಸೋಮವಾರ ನಮ್ಮ ಅತ್ತಿಗೇನೂ ಕಳಿಸ್ತಾ ಇದೀರ!"

ವಜ್ರಕುಮಾರ್ ತಲೆ ಎತ್ತಿ ಕೆಂಪು ಬೋರ್ಡು ನೋಡಿದರು. ಅವರ ಕಣ್ಣು ಒದ್ದೆಯಾಯಿತು. "ಅಂದ್ರೆ ನನ್ನ ಯೋಜನೆ ತಪ್ಪಾಗಿರ್ಲಿಲ್ಲ," ಎಂದರು ಮೆಲ್ಲಗೆ. "ಬರೀ ಉಲ್ಟಾ ಆಗಿತ್ತು."

"ಹಾಗಾದ್ರೆ ನನ್ನ ಹೆಸರು ಹೊಡೆದುಹಾಕಿ ಸಾರ್," ಎಂದರು ಅತ್ತಿಗೆ.

"ಎಣಿಸಿದ್ದನ್ನ ಹೊಡೆದುಹಾಕೋಕೆ ಬರಲ್ಲಮ್ಮ. ಅದಕ್ಕೆ ನೀವು ಅರ್ಜಿ ಕೊಡ್ಬೇಕು, ಅರ್ಜಿ ಬಂದ್ರೆ ಅದೂ ಒಂದು ಬಾಕಿ. ಆದ್ರೆ ತಿರುಗಿಸಬಹುದು." ನಿಂತಲ್ಲೇ ಜೇಬಿನಿಂದ ಪೆನ್ನು ತೆಗೆದು, ಬೋರಯ್ಯನ ಬೆನ್ನನ್ನೇ ಮೇಜು ಮಾಡಿಕೊಂಡು, ಹೊಸ ಆಜ್ಞೆ ಬರೆದು ಸಹಿ ಹಾಕಿದರು. ಇನ್ನು ಮುಂದೆ ಬೆನ್ನು ಕಂಡರೆ ಒಳಗೆ, ಮುಖ ಕಂಡರೆ ಹೊರಗೆ.

ಅತ್ತಿಗೆ ಒಂದು ಕ್ಷಣ ಯೋಚಿಸಿ, "ನೆಟ್ಟಗೆ ನಡೆಯೋರು ಬಂದ್ರೆ ಸಾರ್?" ಎಂದು ಕೇಳಿದರು.

"ಇಲ್ಲಿ ಎಣಿಸೋದು ಬಾಕಿಯವರನ್ನ ಅಮ್ಮಾ. ನೆಟ್ಟಗೆ ನಡೆಯೋರಿಗೆ ಕೋರ್ಟಲ್ಲಿ ಏನು ಕೆಲ್ಸ?"

ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಎದ್ದರು. ಭುಜದ ಕನ್ನಡಿಯಲ್ಲಿ ಬಾಗಿಲು ನೋಡಿಕೊಂಡು, ಬೆನ್ನು ಮಾಡಿ ಒಳಗೆ ಹೋದರು. ಕಪ್ಪು ಗಂಟೆ. ಒಳಗೆ ಒಂದು ಸುತ್ತು ಹಾಕಿ, ಜಡ್ಜಮ್ಮನಿಗೆ ಕೈ ಮುಗಿದು, ಹಾಗೆಯೇ ಹಿಂದೆ ಹಿಂದೆ ಹೊರಗೆ ಬಂದರು. ಬೋರಯ್ಯ ಅವರ ಮುಖವನ್ನು ದಿಟ್ಟಿಸಿ ನೋಡಿ, ನಿನ್ನೆ ಕಂಡೇ ಇರಲಿಲ್ಲವೇನೋ ಎನ್ನುವ ಹಾಗೆ, "ಹೆಸರೇನವ್ವಾ?" ಎಂದು ಕೇಳಿದ. ನಿನ್ನೆಯದು ನೆನಪಾಗಿ ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ಕೆಳಗಿನಿಂದ, "ಹೇಳಿ ಅತ್ತಿಗೇ! ಜೋರಾಗಿ ಹೇಳಿ!" ಎಂದು ಕಿರುಚಿದೆ. "ಪಾರಿಜಾತ. ಹಿಟ್ಟಿನ ಗಿರಣಿ," ಎಂದರು. ಬಿಳಿ ಗಂಟೆ ಮೊಳಗಿತು. ಪಾರಿಜಾತ ಹೆಸರಿನ ಬಾಕಿ ಎಲ್ಲ ಮುಗಿಯಿತು ಎಂದು ಬೋರಯ್ಯ ಒಳಕ್ಕೆ ಕೂಗಿ ಹೇಳಿದ. ನಾನು ಅತ್ತಿಗೆಯನ್ನು ಹಿಂದಿನಿಂದ ತಬ್ಬಿಕೊಂಡೆ, ಅವರು ಬರುತ್ತಿದ್ದದ್ದೇ ಹಾಗೆ.

ಆಮೇಲೆ ನೋಡಬೇಕಿತ್ತು! ಸುದ್ದಿ ಹರಡಿ ಬಾಕಿಯವರೆಲ್ಲ ಮಧ್ಯಾಹ್ನದ ಊಟ ಬಿಟ್ಟು ಸಾಲು ನಿಂತರು. ತೀರ್ಪು ಆದವರು, ಆಗದವರು, ತಮಗೆ ಕೇಸಿದೆ ಎನ್ನುವುದನ್ನೇ ಮರೆತವರು, ಎಲ್ಲರೂ ಬೆನ್ನು ತೋರಿಸಿ ಒಳಗೆ, ಮುಖ ತೋರಿಸಿ ಹೊರಗೆ. ಹೊಸ ಹೆಸರು ಬಂದು ಅದೇ ಉಸಿರಿನಲ್ಲಿ ಹೋಗುತ್ತಿತ್ತು, ಹಳೆಯ ಕೇಸನ್ನೂ ಜೊತೆಗೆ ಕರೆದುಕೊಂಡು. ವಜ್ರಕುಮಾರ್ ತೀರ್ಪಿನ ಮಾತೇ ಎತ್ತಲಿಲ್ಲ. ಬೋರ್ಡಿನ ಸಂಖ್ಯೆ ಬಾವಿಗೆ ಬಿಟ್ಟ ಕೊಡದ ಹಾಗೆ ಇಳಿಯಿತು. ಅಣ್ಣ ಆಸ್ಪತ್ರೆಯಿಂದ ಅರ್ಧ ರಜೆ ಹಾಕಿ ಓಡಿ ಬಂದ, ಅತ್ತಿಗೆಯನ್ನು ನೋಡಿ ಅತ್ತ. ವಜ್ರಕುಮಾರ್ ಅವರೇ ಬೂಂದಿ ಲಾಡು ತರಿಸಿ ಹಂಚಿದರು. ಸಂಜೆ ಬೋರ್ಡಿನ ಮೇಲೆ ದೊಡ್ಡದೊಂದು ಸೊನ್ನೆ ಹೊಳೆಯಿತು. ಜನ ಚಪ್ಪಾಳೆ ತಟ್ಟಿದರು, ಆಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನೆಟ್ಟಗೆ ನಡೆಯಲು ಹೋಗಿ ಒಟ್ಟೊಟ್ಟಿಗೆ ಬಿದ್ದರು.

ಕೋರ್ಟು ಮುಗಿಯುವ ಹೊತ್ತಾಯಿತು. ಜಡ್ಜಮ್ಮ ಊಟದ ಡಬ್ಬಿಯ ಚೀಲ ಹಿಡಿದು, ಎಲ್ಲ ದಿನಗಳ ಹಾಗೆ, ಬಾಗಿಲು ದಾಟಿ ಹೊರಗೆ ಬಂದರು. ನೆಟ್ಟಗೆ. ಬೋರಯ್ಯನಿಗೆ ಅವರ ಬೆನ್ನು ಕಂಡಿತು. ಕಪ್ಪು ಗಂಟೆ.

ಸೊನ್ನೆ ಒಂದಾಯಿತು.

ಅವರ ಹಿಂದೆಯೇ ವಕೀಲರು ಬಂದರು. ಗಂಟೆ, ಗಂಟೆ, ಗಂಟೆ. ಬೆಂಚ್ ಕ್ಲರ್ಕು, ಟೈಪಿಸ್ಟು, ಟೀ ತರುವವನು. ಏನು ಸದ್ದು ಎಂದು ನೋಡಲು ವಜ್ರಕುಮಾರ್ ಓಡುತ್ತಾ ಹೊರಗೆ ಬಂದರು, ಬೆನ್ನು ತೋರಿಸಿಕೊಂಡು. ಗಂಟೆ. ಹೊಸ ಕೇಸುಗಳು, ಎಲ್ಲವೂ.

"ಏಯ್! ಹೆಸರು ಕೇಳದೆ ಹೇಗೆ ಬಾರಿಸ್ತೀಯ?" ಎಂದು ವಜ್ರಕುಮಾರ್ ಕೂಗಿದರು.

"ಗೊತ್ತಿರೋರ ಹೆಸರು ಕೇಳೋದು ಮರ್ಯಾದೆ ಅಲ್ಲ ಸ್ವಾಮಿ."

"ಆಜ್ಞೆ ವಾಪಸ್! ಈಗಲೇ ವಾಪಸ್! ಕೊಡು ಪೆನ್ನು!"

"ಬಾಕಿಯವರ ಸಹಿ ನಡೆಯಲ್ಲ ಅಂತ ಬಂದ ದಿನವೇ ಆಜ್ಞೆ ಮಾಡಿದ್ರಲ್ಲ ಸ್ವಾಮಿ," ಎಂದ ಬೋರಯ್ಯ ಬೇಜಾರಿನಿಂದ. "ನಂಗೇನು ಖುಷಿನಾ?" ಅವನಿಗೆ ಮಾತ್ರ ಏನೂ ಆಗಿರಲಿಲ್ಲ. ಅವನು ರಾತ್ರಿ ಅಲ್ಲೇ ಬಾಗಿಲೊಳಗೆ ಚಾಪೆ ಹಾಸಿಕೊಳ್ಳುವವನು.

ಮೈಕಿನ ಆಟೋದವನು ಆಗಲೇ ಬೀದಿಗಿಳಿದಿದ್ದ. ಸೋಮವಾರ ಮಧ್ಯಾಹ್ನದ ದೋಣಿ, ಶ್ರೀಮತಿ ತ್ರಿಪುರಾಂಬ, ಜಡ್ಜು. ಸೋಮವಾರ ಮಧ್ಯಾಹ್ನದ ದೋಣಿ, ಶ್ರೀ ವಜ್ರಕುಮಾರ್, ಅಧಿಕಾರಿ. ವಜ್ರಕುಮಾರ್ ಅವನನ್ನು ಹಿಡಿಯಲು ಓಡಿದರು. ಬಾಕಿಯವರು ನೆಟ್ಟಗೆ ಓಡಬಾರದು ಎಂದು ಅರ್ಧ ದಾರಿಯಲ್ಲಿ ನೆನಪಾಗಿ, ತಿರುಗಿ ಹಿಂದೆ ಹಿಂದೆ ಓಡಿ, ಟೊಮೆಟೊ ಗಾಡಿಯೊಳಗೆ ಕೂತುಬಿಟ್ಟರು.

ಜಡ್ಜಮ್ಮ ಓಡಲಿಲ್ಲ, ಕೂಗಲಿಲ್ಲ. ಮೆಟ್ಟಿಲ ತುದಿಯಲ್ಲಿ ನಿಂತು ಬೋರ್ಡು ನೋಡಿದರು. ಆಮೇಲೆ ಚೀಲವನ್ನು ಎದೆಗೆ ಒತ್ತಿಕೊಂಡು, ಬೀದಿಗೆ ಬೆನ್ನು ಮಾಡಿ, ಒಂದು ಕಾಲನ್ನು ಹಿಂದಕ್ಕೆ ಇಳಿಸಿದರು. ಕಾಲು ಗಾಳಿಯಲ್ಲಿ ಮೆಟ್ಟಿಲನ್ನು ಹುಡುಕಿತು. ಸಿಗಲಿಲ್ಲ. ಅತ್ತಿಗೆ ಕೆಳಗಿನಿಂದ ಎರಡೂ ಕೈ ಚಾಚಿ ಅವರ ಸೊಂಟ ಹಿಡಿದುಕೊಳ್ಳದಿದ್ದರೆ ಅಷ್ಟೇ.

"ಅಮ್ಮಾವ್ರೇ, ನೆಟ್ಟಗೆ ನಡೀರಿ, ಯಾರೂ ಏನೂ ಅನ್ನಲ್ಲ," ಎಂದ ಅಣ್ಣ.

"ಇಷ್ಟು ವರ್ಷ ಇದೇ ಕಾನೂನನ್ನ ಎಲ್ಲರಿಗೂ ಹೇಳ್ದೋಳು ನಾನು. ಈಗ ನಂಗೆ ಬಂದ ತಕ್ಷಣ ನಡೆಯಲ್ಲ ಅನ್ಲಾ?" ಜಡ್ಜಮ್ಮ ಅತ್ತಿಗೆಯ ಕೈ ಹಿಡಿದುಕೊಂಡರು. "ಪಾರಿಜಾತ, ಸೋಮವಾರ ಬೆಳಿಗ್ಗೆ ನಾನು ಬೆನ್ನು ಮಾಡ್ಕೊಂಡು ಒಳಗೆ ಹೋಗಿ, ಮುಖ ತೋರಿಸ್ಕೊಂಡು ಹೊರಗೆ ಬಂದ್ರೆ ನನ್ನ ಕೇಸು ಮುಗಿಯುತ್ತೆ ಅಲ್ವಾ?"

"ಮುಗಿಯುತ್ತೆ. ಆದ್ರೆ ಬೀಳದೆ ಬರ್ಬೇಕು. ಬಿದ್ರೆ ಬೋರಯ್ಯನಿಗೆ ಏನು ಕಾಣುತ್ತೋ ದೇವರೇ ಬಲ್ಲ."

"ನಂಗೆ ಬರಲ್ಲ ಕಣಮ್ಮ."

"ಒಂದೇ ದಿನಕ್ಕೆ ಕಲಿಸ್ತೀನಿ. ನಿಮ್ಮನ್ನೂ, ನಿಮ್ಮ ಕೋರ್ಟಿನವರನ್ನೂ. ಟೊಮೆಟೊದಲ್ಲಿ ಕೂತಿದಾರಲ್ಲ, ಅವರನ್ನೂ." ಅತ್ತಿಗೆ ಅವರ ಕೈ ಬಿಡದೆ ಹೇಳಿದರು. "ಆದ್ರೆ ಹೋದ ಸೋಮವಾರ ಹಾರ ಹಾಕಿ ಕಳಿಸಿದ್ರಲ್ಲ, ಅವರೆಲ್ಲ ಅದೇ ದೋಣಿಲಿ ವಾಪಸ್ ಬರ್ಬೇಕು. ರಹಮತ್ ಅಣ್ಣ, ಎಲ್ಲರೂ."

ಜಡ್ಜಮ್ಮ ಕೋರ್ಟಿನ ಬಾಗಿಲ ಕಡೆ ನೋಡಿದರು. ಆ ತೀರ್ಪುಗಳೆಲ್ಲ ಅವರವೇ. ಇರಬಹುದು, ಇರಬಹುದು ಎಂದು ಅವರು ಹೇಳಿದ್ದು, ಹೇಳಿ ಮುಂದಿನವರನ್ನು ಕರೆದದ್ದು. ಬಾಗಿಲಲ್ಲಿ ಏನಾಯಿತು ಎಂದು ಒಮ್ಮೆಯೂ ಬಂದು ನೋಡಿರಲಿಲ್ಲ.

"ನಾನು ಬೀಳದೆ ಹೊರಗೆ ಬಂದ್ರೆ," ಎಂದರು, "ಮೊದಲನೇ ಸಹಿ ಅದಕ್ಕೇ."

"ಹಾಗಾದ್ರೆ ನಾಳೆ ಭಾನುವಾರ, ಗಿರಣಿಗೆ ರಜ. ಬೆಳಿಗ್ಗೆ ಆರೂವರೆಗೆ ಮನೆಯಿಂದ ಹೊರಡಿ. ಚಪ್ಪಲಿ ಬೇಡ. ಗೋಡೆ ಹಿಡ್ಕೊಂಡು, ಗಿರಣಿ ಕಡೆಗೆ ಬೆನ್ನು ಮಾಡ್ಕೊಂಡು ಬರ್ತಾ ಇರಿ."

"ಅಷ್ಟು ದೂರ ಒಬ್ಬಳೇ?"

"ನಾನೂ ಗಿರಣಿ ಹತ್ರದಿಂದ ಹೊರಡ್ತೀನಿ. ಮುಂದಕ್ಕೆ." ಹಾಗೆಂದು ಅತ್ತಿಗೆ ಅಣ್ಣನ ಮುಖ ನೋಡಿದರು, ಆಮೇಲೆ ನನ್ನದು. "ನಂಗೂ ಕಲೀಬೇಕಲ್ಲ. ನೀವು ಹಿಂದಕ್ಕೆ ಬನ್ನಿ, ನಾನು ಮುಂದಕ್ಕೆ ಬರ್ತೀನಿ. ಎಲ್ಲಿ ಒಬ್ಬರ ಮೇಲೊಬ್ಬರು ಬೀಳ್ತೀವೋ ಅಲ್ಲೇ ಪಾಠ ಶುರು."

"ಆರೂವರೆಗೆ," ಎಂದರು ಜಡ್ಜಮ್ಮ.

"ಆರೂವರೆಗೆ. ತಡ ಮಾಡ್ಬೇಡಿ."